ಪಶ್ಚಿಮದ ಕಿಟಕಿಗೆ ಸನ್ ಫಿಲ್ಮ್: ಹಾಕಿಸುವುದೋ, ಬಿಡುವುದೋ?

ವಿನೋಬನಗರ_ಹೊಸಮನೆ
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮದು ಮಹಡಿ ಮನೆ. ಮಹಡಿಯ ಹಾಲಿಗೂ ಅದಕ್ಕೆ ಹೊಂದಿಕೊಂಡ ಮಲಗುವ ಕೋಣೆಗೂ ಪಶ್ಚಿಮಕ್ಕೆ ಅಗಲವಾದ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಗಳನ್ನು ಇಡಿಸಿದ್ದೇವೆ. ಶಿವರಾತ್ರಿ ಕಳೆದ ಮೇಲೆ ಮಧ್ಯಾಹ್ನ ಮೂರರಿಂದ ಹೊತ್ತು ಮುಳುಗುವ ತನಕ ಬಿಸಿಲು ನೇರವಾಗಿ ಒಳಗೆ ಬೀಳುತ್ತದೆ. ಸೋಫಾದ ಬಟ್ಟೆ ಕಿಟಕಿಯ ಕಡೆಗೆ ಮಾತ್ರ ಬಣ್ಣಗೆಟ್ಟಿದೆ.

ಗಾಜಿಗೆ ಫಿಲ್ಮ್ ಅಂಟಿಸುವವರನ್ನು ಕರೆಸಿದರೆ ಒಬ್ಬರು "ಕಪ್ಪಾದಷ್ಟೂ ತಂಪು" ಎನ್ನುತ್ತಾರೆ. ಇನ್ನೊಬ್ಬರು ಹೆಚ್ಚುಕಡಿಮೆ ಬರಿಗಾಜಿನಂತೆಯೇ ಕಾಣುವ ಹಾಳೆಯೊಂದನ್ನು ತೋರಿಸಿ, ಅದಕ್ಕೆ ಕಪ್ಪಿನದ್ದಕ್ಕಿಂತ ಹಲವು ಪಟ್ಟು ದರ ಹೇಳುತ್ತಾರೆ. ಫಿಲ್ಮ್ ಹಾಕಿದರೆ ಗಾಜು ಸೀಳುತ್ತದೆ ಎಂದು ಪಕ್ಕದ ಮನೆಯ ಹಿರಿಯರು ಹೆದರಿಸಿದ್ದಾರೆ. ಮಳೆಗಾಲದಲ್ಲಿ ಹಗಲೇ ದೀಪ ಹಾಕಬೇಕಾದೀತು ಎಂಬುದು ನಮ್ಮ ಮನೆಯವರ ಆಕ್ಷೇಪ. ರಾತ್ರಿ ಹೊತ್ತು ಹೊರಗಿನವರಿಗೆ ಒಳಗಿನದು ಕಾಣುತ್ತದೆಯೇ ಎಂಬುದು ಅಮ್ಮನ ಪ್ರಶ್ನೆ. ಕಾರಿಗೆ ಹಾಕಿದರೆ ದಂಡ ಬೀಳುವಂತೆ ಮನೆಗೂ ಏನಾದರೂ ಕಾನೂನಿನ ತೊಡಕು ಇದೆಯೇ ಎಂಬ ಸಂಶಯ ನನ್ನದು. ಅನುಭವವಿದ್ದವರು ದಯವಿಟ್ಟು ತಿಳಿಸಿ.

ದುರ್ಗಿಗುಡಿ_ಅಂಗಡಿ
ಇಷ್ಟೊಂದು ಯೋಚಿಸುವುದೇನಿದೆ? ನಮ್ಮ ಅಂಗಡಿಯ ಗಾಜಿಗೆ ಗಾಢ ಕಪ್ಪಿನದ್ದನ್ನೇ ಹಾಕಿಸಿದ್ದೇವೆ, ಒಳಗೆ ತಂಪಾಗಿಯೇ ಇದೆ.

ಗಾಜಿನ_ಕೆಲಸ
ದುರ್ಗಿಗುಡಿಯವರೇ, ನಿಮ್ಮ ಅಂಗಡಿಯೊಳಗೆ ಏ.ಸಿ. ಇದೆಯೋ ಇಲ್ಲವೋ ಎಂಬುದನ್ನೂ ಹೇಳಿಬಿಡಿ.

ಹೊಸಮನೆಯವರೇ, ಈ ಕಸುಬಿನಲ್ಲಿ ಇರುವವನಾಗಿ ಹೇಳುತ್ತೇನೆ. ಬಿಸಿಲಿನ ಶಕ್ತಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಭಾಗ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದ್ದು; ಕಣ್ಣಿಗೆ ಕಾಣುವ ಬೆಳಕಿನದ್ದು ಅದಕ್ಕಿಂತ ಕಡಿಮೆ; ಬಣ್ಣ ಕೆಡಿಸುವ ಅತಿನೇರಳೆಯದ್ದು ಶೇ. 5ರ ಆಸುಪಾಸು. ಅಗ್ಗದ ಕಪ್ಪು ಫಿಲ್ಮ್ ಎಂದರೆ ಬಣ್ಣ ಕುಡಿಸಿದ ಪಾಲಿಯೆಸ್ಟರ್ ಹಾಳೆ. ಅದು ಕಾಣುವ ಬೆಳಕನ್ನು ಚೆನ್ನಾಗಿ ತಡೆಯುತ್ತದೆ, ಕಾಣದ ಕಾವನ್ನು ಅಷ್ಟಾಗಿ ತಡೆಯುವುದಿಲ್ಲ. ತಡೆದದ್ದನ್ನೂ ತಾನೇ ಹೀರಿಕೊಂಡು ಕಾಯುತ್ತದೆ, ಕಾದ ಗಾಜು ಕೋಣೆಯೊಳಕ್ಕೂ ಕಾವು ಬಿಡುತ್ತದೆ. ಸಂಜೆ ಐದರ ಹೊತ್ತಿಗೆ ಅಂಥ ಗಾಜಿನ ಮೇಲೆ ಒಳಗಿನಿಂದ ಅಂಗೈ ಇಟ್ಟು ನೋಡಿ, ನಾನು ಹೇಳುವುದು ಅರ್ಥವಾಗುತ್ತದೆ. ಕೆಲವು ವರ್ಷಗಳಲ್ಲಿ ಬಣ್ಣ ನೇರಳೆಗೆ ತಿರುಗುವುದೂ ಇದೇ ಜಾತಿಯ ಫಿಲ್ಮ್. ನಿಮಗೆ ತೋರಿಸಿದ ತಿಳಿಯಾದ ಹಾಳೆ ಬಹುಶಃ ಸೆರಾಮಿಕ್ ಇರಬೇಕು. ಅದು ಬೆಳಕನ್ನು ಬಿಟ್ಟು ಅವಕೆಂಪಿನ ದೊಡ್ಡ ಪಾಲನ್ನು ತಡೆಯುತ್ತದೆ. ಇವೆರಡರ ನಡುವೆ ಲೋಹದ ತೆಳು ಲೇಪವಿರುವ ಕನ್ನಡಿಯಂಥ ಫಿಲ್ಮ್ ಬರುತ್ತದೆ. ಅದು ಬಿಸಿಲನ್ನು ಹೊರಕ್ಕೇ ಹೊಡೆಯುವುದರಿಂದ ಕಾವಿನ ಮಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಬೇರೆ ತಾಪತ್ರಯಗಳಿವೆ.

ತೀರ್ಥಹಳ್ಳಿ_ತೋಟ
ಕಿಟಕಿ ಇರುವುದು ತೆರೆಯಲಿಕ್ಕೆ, ಮಾರಾಯರೇ! ಮುಚ್ಚಿದ ಗಾಜಿಗೆ ತಾನೇ ನಿಮ್ಮ ಫಿಲ್ಮ್ ಕೆಲಸ ಮಾಡುವುದು? ತೆರೆದಿಟ್ಟ ಅರ್ಧದಲ್ಲಿ ಬಿಸಿಲು ಹಾಗೆಯೇ ಒಳಗೆ ಬರುತ್ತದೆ. ನಮ್ಮ ಹಿರಿಯರು ಹೆಂಚಿನ ಮಾಡನ್ನು ಗೋಡೆಯಿಂದ ಮೂರು ನಾಲ್ಕು ಅಡಿ ಮುಂದಕ್ಕೆ ಚಾಚಿ, ಜಗಲಿಯ ಆಚೆಗೇ ಬಿಸಿಲನ್ನೂ ಎರಚಲನ್ನೂ ನಿಲ್ಲಿಸುತ್ತಿದ್ದರು. ಈಗಿನವರು ಒಂದೂವರೆ ಅಡಿ ಸಜ್ಜ ಬಿಟ್ಟು, ಗೋಡೆಯ ತುಂಬಾ ಗಾಜು ಕೂರಿಸಿ, ಆಮೇಲೆ ಅದಕ್ಕೊಂದು ಹಾಳೆ ಅಂಟಿಸಲು ಹೊರಡುತ್ತಾರೆ. ಹೊರಗಿನಿಂದ ಒಂದು ಬಿದಿರಿನ ತಡಿಕೆ ಇಳಿಬಿಟ್ಟರೆ ಯಾವ ಫಿಲ್ಮೂ ಅದಕ್ಕೆ ಸಮವಲ್ಲ.

ವಿನೋಬನಗರ_ಹೊಸಮನೆ
ತೋಟದ ರಾಯರೇ, ನಿಮ್ಮ ಮಾತು ಒಪ್ಪತಕ್ಕದ್ದೇ. ಆದರೆ ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ ಕಿಟಕಿ ತೆರೆದರೆ ಒಳಗೆ ಬರುವುದು ಗಾಳಿಯಲ್ಲ, ರಸ್ತೆಯ ಧೂಳು ಮತ್ತು ಬಿಸಿ ಹವೆ. ನಾವು ಹನ್ನೊಂದರ ಹೊತ್ತಿಗೆ ಮುಚ್ಚಿ, ಸಂಜೆ ಆರರ ಮೇಲೆ ಸೊಳ್ಳೆ ಜಾಲರಿಯ ಬಾಗಿಲನ್ನು ಎಳೆದುಕೊಂಡು ತೆರೆಯುತ್ತೇವೆ. ನನ್ನ ಚಿಂತೆ ಈ ಮುಚ್ಚಿದ ಹೊತ್ತಿನದ್ದೇ. ತಡಿಕೆಯನ್ನು ಮಹಡಿಯ ಹೊರಗೋಡೆಗೆ ಕಟ್ಟಿದರೆ ಮೊದಲ ಗಾಳಿಮಳೆಗೆ ಪಕ್ಕದ ಮನೆಯ ಅಂಗಳದಲ್ಲಿ ಹುಡುಕಬೇಕಾಗುತ್ತದೆ.

ಭದ್ರಾವತಿ_ನಿವೃತ್ತ
ತೋಟದವರ ಸಜ್ಜದ ವಿಚಾರಕ್ಕೆ ಒಂದು ತಿದ್ದುಪಡಿ ಅಗತ್ಯ. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ದಕ್ಷಿಣ ಮತ್ತು ಉತ್ತರದ ಕಿಟಕಿಗಳಿಗೆ ಎರಡಡಿ ಸಜ್ಜ ಬಹುಮಟ್ಟಿಗೆ ಸಾಕು, ಏಕೆಂದರೆ ಡಿಸೆಂಬರಿನಲ್ಲಿಯೂ ನಡುಹಗಲಿನ ಸೂರ್ಯ ದಕ್ಷಿಣದಲ್ಲಿ 50 ಡಿಗ್ರಿಗಿಂತ ಮೇಲೆಯೇ ಇರುತ್ತಾನೆ. ಆದರೆ ಪಶ್ಚಿಮದ ಇಳಿಬಿಸಿಲು ಹೆಚ್ಚುಕಡಿಮೆ ಅಡ್ಡಡ್ಡವಾಗಿ ಬರುವುದರಿಂದ ಅದನ್ನು ತಡೆಯಲು ಸಜ್ಜ ಎಷ್ಟು ಚಾಚಿದರೂ ಸಾಲದು. ಆದ್ದರಿಂದ ಮನೆಯ ಎಲ್ಲ ಕಿಟಕಿಗಳಿಗೂ ಫಿಲ್ಮ್ ಹಾಕಿಸಿ ಎನ್ನುವವರ ಮಾತನ್ನು ಕೇಳಬೇಡಿ. ಪಶ್ಚಿಮಕ್ಕೆ ಮಾತ್ರ ಹಾಕಿಸಿ, ಬೇಕೆನಿಸಿದರೆ ಪೂರ್ವಕ್ಕೂ ಹಾಕಿಸಿ, ಉಳಿದದ್ದನ್ನು ಬಿಡಿ.

ಇನ್ನೊಂದು ಮಾತು. ಮಹಡಿಯ ಮೇಲೆ ಬರಿ ತಾರಸಿ ಇದ್ದರೆ ಕೋಣೆಯ ಕಾವಿನಲ್ಲಿ ದೊಡ್ಡ ಪಾಲು ತಾರಸಿಯಿಂದಲೇ ಇಳಿಯುತ್ತದೆ. ಫಿಲ್ಮ್ ಹಾಕಿಸಿದ ಮೇಲೂ ರಾತ್ರಿ ಹತ್ತಕ್ಕೆ ಸೂರು ಬಿಸಿಯಾಗಿದ್ದರೆ ಫಿಲ್ಮನ್ನು ಬೈದು ಪ್ರಯೋಜನವಿಲ್ಲ.

ಸಾಗರ_ಮೇಷ್ಟ್ರು
ಅಂಗಡಿಗಳಲ್ಲಿ ಒಂದು ಪೆಟ್ಟಿಗೆಯೊಳಗೆ ಕೆಂಪು ಬಲ್ಬು ಉರಿಸಿ, ಎದುರಿಗೆ ಫಿಲ್ಮ್ ಅಂಟಿಸಿದ ಗಾಜನ್ನು ಹಿಡಿದು, "ಕೈ ಇಟ್ಟು ನೋಡಿ, ಶೇ. 95 ಕಾವು ನಿಂತಿದೆ" ಎಂದು ತೋರಿಸುತ್ತಾರೆ. ಇದನ್ನು ನಂಬಬಹುದೇ?

ಭದ್ರಾವತಿ_ನಿವೃತ್ತ
ಮೇಷ್ಟ್ರೇ, ಬಹಳ ಒಳ್ಳೆಯ ಪ್ರಶ್ನೆ ಕೇಳಿದಿರಿ. ಆ ಬಲ್ಬು ಹೆಚ್ಚಾಗಿ ಅವಕೆಂಪನ್ನೇ ಸೂಸುತ್ತದೆ. ಸೂರ್ಯನ ಬಿಸಿಲು ಹಾಗಲ್ಲ, ಅದರಲ್ಲಿ ಕಾಣುವ ಬೆಳಕಿನ ಪಾಲೂ ದೊಡ್ಡದೇ. ಕರಪತ್ರದಲ್ಲಿ ಅಚ್ಚಾಗುವ "ಅವಕೆಂಪು ತಡೆ" ಎಂಬ ದೊಡ್ಡ ಅಂಕಿಯನ್ನು ಅನೇಕ ವೇಳೆ ಅವಕೆಂಪಿನ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಅಳೆದಿರುತ್ತಾರೆ. ನೀವು ಕೇಳಬೇಕಾದದ್ದು ಒಟ್ಟು ಸೌರಶಕ್ತಿಯಲ್ಲಿ ಎಷ್ಟು ಪಾಲು ತಡೆಯಲ್ಪಡುತ್ತದೆ ಎಂಬ ಅಂಕಿ. ಕರಪತ್ರದಲ್ಲಿ ಅದನ್ನು ಟಿ.ಎಸ್.ಇ.ಆರ್. ಎಂದು ನಮೂದಿಸಿರುತ್ತಾರೆ. ಹೋಲಿಕೆಗೆ ಇದನ್ನು ನೆನಪಿಡಿ: ಏನೂ ಅಂಟಿಸದ 3 ಮಿಲಿಮೀಟರ್ ಬಿಳಿ ಗಾಜು ತಾನಾಗಿಯೇ ಸುಮಾರು ಶೇ. 14ರಷ್ಟನ್ನು ತಡೆಯುತ್ತದೆ. ಫಿಲ್ಮಿನ ಒಟ್ಟು ಅಂಕಿ 50 ಎಂದಿದ್ದರೆ, ನಿಮಗೆ ನಿಜವಾಗಿ ದಕ್ಕಿದ ಲಾಭ 14ರಿಂದ 50ಕ್ಕೆ ಏರಿದ್ದು ಮಾತ್ರ. ಅದೇನೂ ಸಣ್ಣ ಲಾಭವಲ್ಲ, ಆದರೆ 95 ಅಲ್ಲ.

ಜೊತೆಗೆ ಎಷ್ಟು ಬೆಳಕು ಒಳಗೆ ಬರುತ್ತದೆ ಎಂಬ ವಿ.ಎಲ್.ಟಿ. ಅಂಕಿಯನ್ನೂ ಕೇಳಿ. ಮಾರುವವನು ಈ ಎರಡು ಅಂಕಿಗಳನ್ನು ಕಾಗದದಲ್ಲಿ ತೋರಿಸಲಾಗದೆ ಬಲ್ಬಿನ ಪೆಟ್ಟಿಗೆಯನ್ನೇ ಮುಂದೆ ಮಾಡಿದರೆ, ಬೇರೆ ಅಂಗಡಿ ನೋಡುವುದು ಒಳ್ಳೆಯದು.

ದುರ್ಗಿಗುಡಿ_ಅಂಗಡಿ
ಅಂಗಡಿಯಲ್ಲಿ ಏ.ಸಿ. ಇದೆ. ಆದರೆ ಫಿಲ್ಮ್ ಹಾಕಿಸಿದ ಮೇಲೆ ಅದು ಮೊದಲಿಗಿಂತ ಬೇಗ ತಣ್ಣಗೆ ಮಾಡುತ್ತದೆ ಎಂಬುದನ್ನೂ ಸೇರಿಸಿ ಬರೆದುಕೊಳ್ಳಿ.

ಹೊಸನಗರ_ಗೃಹಿಣಿ
ಎಲ್ಲರೂ ಬೇಸಿಗೆಯ ಎರಡು ತಿಂಗಳ ಬಗ್ಗೆ ಮಾತ್ರ ಮಾತನಾಡುತ್ತಿದ್ದೀರಿ. ಮಳೆ ಹಿಡಿಯುವ ನಾಲ್ಕು ತಿಂಗಳ ಮಾತು ಯಾರು ಆಡುತ್ತಾರೆ? ಆರಿದ್ರೆ ಮಳೆ ಕೂತರೆ ನಮ್ಮ ಕಡೆ ನಡುಮಧ್ಯಾಹ್ನವೂ ಅಡುಗೆಮನೆಯಲ್ಲಿ ಅಕ್ಕಿಯ ಕಲ್ಲು ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ಕರೆಂಟೂ ಹೋದರೆ ಗಾಜಿನಿಂದ ಬರುವ ಬೆಳಕೇ ಗತಿ. ಬೇಸಿಗೆ ಮುಗಿಯಿತೆಂದು ಪರದೆಯನ್ನು ಸರಿಸಬಹುದು, ತಡಿಕೆಯನ್ನು ಸುತ್ತಿಡಬಹುದು. ಅಂಟಿಸಿದ ಫಿಲ್ಮನ್ನು ಹಾಗೆ ಮಾಡಲಾಗುತ್ತದೆಯೇ? ನಮ್ಮ ನೆಂಟರ ಮನೆಯಲ್ಲಿ ಶೇ. 20 ಬೆಳಕು ಬಿಡುವ ಕಪ್ಪು ಫಿಲ್ಮನ್ನು ಎಲ್ಲ ಕಿಟಕಿಗಳಿಗೂ ಹಾಕಿಸಿ, ಈಗ ಜುಲೈ ತಿಂಗಳಲ್ಲಿ ಬೆಳಗಿನ ಹತ್ತಕ್ಕೇ ಟ್ಯೂಬ್‌ಲೈಟ್ ಉರಿಸಿ ತರಕಾರಿ ಹೆಚ್ಚುತ್ತಾರೆ.

ಹೊಸಮನೆಯವರೇ, ನಿಮ್ಮ ಮನೆಯವರ ಆಕ್ಷೇಪ ಸರಿಯಾಗಿಯೇ ಇದೆ. ಹಾಕಿಸಲೇಬೇಕೆಂದಿದ್ದರೆ ಕನಿಷ್ಠ ಅರ್ಧದಷ್ಟಾದರೂ ಬೆಳಕು ಬಿಡುವುದನ್ನು ಆರಿಸಿ. ಗುತ್ತಿಗೆದಾರರಿಂದ ಅಂಗೈಯಗಲದ ತುಣುಕಿನ ಬದಲು ಒಂದು ಬಾಗಿಲಿನ ಗಾಜಿನಷ್ಟು ಹಾಳೆಯನ್ನು ತರಿಸಿ, ಮೋಡ ಕವಿದ ದಿನ ಗಾಜಿಗೆ ಒತ್ತಿಹಿಡಿದು ನೋಡಿ. ತುಣುಕಿನಲ್ಲಿ ತಿಳಿಯಾಗಿ ಕಂಡದ್ದು ಇಡೀ ಕಿಟಕಿಗೆ ಬಂದಾಗ ಕತ್ತಲೆ ಅನಿಸುತ್ತದೆ.

ತೀರ್ಥಹಳ್ಳಿ_ತೋಟ
ಅಕ್ಕ ಹೇಳಿದ್ದು ನೂರಕ್ಕೆ ನೂರು ಸತ್ಯ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಅಲ್ಲಿ ಮನೆಗೆ ಕಪ್ಪು ಫಿಲ್ಮ್ ಹಾಕಿಸಿದವನನ್ನು ನೋಡಲು ನಾನು ಟಿಕೆಟ್ ಕೊಂಡು ಹೋಗುತ್ತೇನೆ.

ಗಾಜಿನ_ಕೆಲಸ
ಆಗುಂಬೆಯ ಮಳೆಯನ್ನು ತಂದು ವಿನೋಬನಗರದಲ್ಲಿ ಸುರಿಸಬೇಡಿ, ರಾಯರೇ. ಶಿವಮೊಗ್ಗ ಅರೆಮಲೆನಾಡು, ಅಲ್ಲಿನ ಏಪ್ರಿಲ್ ಮಧ್ಯಾಹ್ನದ ತಾಪ ನಿಮ್ಮ ತೋಟದ ನೆರಳಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಆದರೂ ಮಳೆಗಾಲದ ವಿಷಯದಲ್ಲಿ ಅಕ್ಕನವರು ಬಿಟ್ಟ ಒಂದು ಮಾತನ್ನು ನಾನು ಸೇರಿಸುತ್ತೇನೆ, ಇದನ್ನು ನಮ್ಮವರೇ ಅನೇಕರು ಗಿರಾಕಿಗಳಿಗೆ ಹೇಳುವುದಿಲ್ಲ.

ಫಿಲ್ಮನ್ನು ಒಣಗಾಜಿಗೆ ಅಂಟಿಸುವುದಿಲ್ಲ. ಗಾಜನ್ನು ಬ್ಲೇಡಿನಿಂದ ಕೆರೆದು, ಪೇಂಟಿನ ಚುಕ್ಕೆ ಮತ್ತು ಹಳೆಯ ಅಂಟಿನ ಗುರುತು ಒಂದೂ ಉಳಿಯದಂತೆ ತೊಳೆದು, ಸ್ವಲ್ಪ ಶಾಂಪೂ ಬೆರೆಸಿದ ನೀರನ್ನು ಗಾಜಿಗೂ ಫಿಲ್ಮಿನ ಅಂಟಿಗೂ ಚಿಮುಕಿಸಿ, ಹಾಳೆಯನ್ನು ನೀರಿನ ಮೇಲೆ ತೇಲಿಸಿದಂತೆ ಜಾರಿಸಿ ಕೂರಿಸುತ್ತೇವೆ. ಆಮೇಲೆ ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಒತ್ತುತ್ತಾ ನೀರನ್ನು ಹೊರದೂಡುತ್ತೇವೆ. ಎಷ್ಟು ಒತ್ತಿದರೂ ಕೊಂಚ ತೇವ ಉಳಿಯುತ್ತದೆ. ಅದು ಫಿಲ್ಮಿನ ಮೂಲಕವೇ ನಿಧಾನವಾಗಿ ಆರಬೇಕು. ಒಣಹವೆಯಲ್ಲಿ ಕೆಲವು ವಾರಗಳಲ್ಲಿ ಆರುವುದು ಪುನರ್ವಸು, ಪುಷ್ಯ ಮಳೆಗಳ ತೇವದ ಹವೆಯಲ್ಲಿ ಎರಡು ತಿಂಗಳಾದರೂ ಆರದೆ ಮಂಜು ಹಿಡಿದಂತೆ ಕಾಣಬಹುದು. ಆದ್ದರಿಂದ ಈ ಕೆಲಸಕ್ಕೆ ದೀಪಾವಳಿ ಕಳೆದ ಮೇಲಿನ ಚಳಿಗಾಲದ ಬಿಸಿಲೇ ಸರಿ. ಮಳೆಗಾಲದಲ್ಲಿ ರಿಯಾಯಿತಿ ಕೊಡುತ್ತೇವೆ ಎಂದು ಕರೆಯುವವರು ಕೆಲಸವಿಲ್ಲದೆ ಕರೆಯುತ್ತಿದ್ದಾರೆ ಎಂದು ತಿಳಿಯಿರಿ.

ಕೊಪ್ಪ_ಕಾಫಿ
ನಮ್ಮ ಮನೆಗೆ ಹಾಕಿ ಹೋದ ಮಾರನೆಯ ದಿನವೇ ಗಾಜಿನ ತುಂಬಾ ಗುಳ್ಳೆಗಳೆದ್ದವು. ಫೋನ್ ಮಾಡಿದರೆ "ತಾನಾಗಿಯೇ ಹೋಗುತ್ತದೆ" ಎಂಬ ಒಂದೇ ಉತ್ತರ. ಕೆಲವು ಹೋದವು, ಕೆಲವು ಈಗಲೂ ಹಾಗೆಯೇ ಇವೆ. ಇದರಲ್ಲಿ ಯಾವುದು ಸಹಜ, ಯಾವುದು ಕೆಲಸದ ದೋಷ?

ಗಾಜಿನ_ಕೆಲಸ
ಉಗುರಿನಿಂದ ಮೆತ್ತಗೆ ಒತ್ತಿ ನೋಡಿ. ಒಳಗೆ ದ್ರವ ಅಲುಗಿದಂತಾಗಿ ಗುಳ್ಳೆ ಆಕಾರ ಬದಲಿಸಿದರೆ ಅದು ನೀರು, ಅದು ಆರುತ್ತದೆ. ಒತ್ತಿದಾಗ ಗರಿಗರಿಯಾಗಿ ಕೂತು ಮತ್ತೆ ಎದ್ದರೆ ಗಾಳಿ. ಗುಳ್ಳೆಯ ನಡುವೆ ಒಂದು ಕಪ್ಪು ಚುಕ್ಕೆ ಇದ್ದು, ಸುತ್ತ ಡೇರೆಯಂತೆ ಫಿಲ್ಮ್ ಎದ್ದಿದ್ದರೆ ಅದು ಧೂಳಿನ ಕಣ ಅಥವಾ ಕೂದಲು. ಇವೆರಡೂ ನೂರು ವರ್ಷವಾದರೂ ಹೋಗುವುದಿಲ್ಲ, ಆ ಗಾಜಿಗೆ ಹೊಸ ಹಾಳೆಯನ್ನೇ ಹಾಕಬೇಕು. ಎರಡು ತಿಂಗಳು ಕಳೆದ ಮೇಲೂ ಉಳಿದದ್ದನ್ನು ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಕಳಿಸಿ, ಬದಲಿಸಿಕೊಡಿ ಎಂದು ಪಟ್ಟು ಹಿಡಿಯಿರಿ.

ಇನ್ನೊಂದು ವಿಷಯ: ಫಿಲ್ಮಿನ ಅಂಚಿಗೂ ಕಿಟಕಿಯ ಚೌಕಟ್ಟಿಗೂ ನಡುವೆ ಒಂದೆರಡು ಮಿಲಿಮೀಟರ್ ತೆರವು ಇರಲೇಬೇಕು. ಬಿಳಿ ಗೆರೆಯಂತೆ ಬೆಳಕು ಕಾಣುತ್ತದೆಯೆಂದು ಅನೇಕರು ಜಗಳವಾಡುತ್ತಾರೆ, ಆದರೆ ಅದು ದೋಷವಲ್ಲ. ಒತ್ತುವಾಗ ನೀರು ಹೊರಹೋಗಲು ಅದೇ ದಾರಿ. ಚೌಕಟ್ಟಿಗೆ ತಾಗುವಂತೆ ಕತ್ತರಿಸಿದರೆ ಮೊದಲು ಏಳುವುದೇ ಆ ಅಂಚು.

ಹೊಸನಗರ_ಗೃಹಿಣಿ
ಮರದ ಕಿಟಕಿಯ ಮನೆಯವರಿಗೆ ಇನ್ನೂ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಬಾಗಿಲು ಉಬ್ಬಿ, ಗಾಜನ್ನು ಹಿಡಿದಿಡುವ ಬೀಡಿಂಗ್ ಪಟ್ಟಿಯ ಸಂದಿನಿಂದ ನೀರು ಒಸರಿ, ಗಾಜಿನ ಕೆಳಗಿನ ಅಂಚಿನಲ್ಲಿ ಬೂಷ್ಟು ಕಟ್ಟುವುದು ನಮ್ಮ ಕಡೆ ಪ್ರತಿ ವರ್ಷದ ಪಾಡು. ಮೊದಲು ಬೀಡಿಂಗನ್ನೂ ಪುಟ್ಟಿಯನ್ನೂ ಸರಿಮಾಡಿಸದೆ ಮೇಲೆ ಫಿಲ್ಮ್ ಅಂಟಿಸಿದರೆ ಆ ನೀರು ಅಂಟಿನ ಅಂಚಿನಿಂದಲೇ ಒಳಸೇರುತ್ತದೆ. ಹೊರಮೈಗೆ ಅಂಟಿಸುವ ಫಿಲ್ಮೂ ಸಿಗುತ್ತದಂತೆ, ಎರಚಲು ಬಡಿಯುವ ನಮ್ಮೂರಿನ ಗೋಡೆಗೆ ಅದನ್ನು ಯಾರೂ ಯೋಚಿಸಬೇಡಿ.

ಸಾಗರ_ಮೇಷ್ಟ್ರು
ಮೂಲ ಪ್ರಶ್ನೆಗೆ ಬರೋಣ. ಗಾಜು ಸೀಳುವ ಮಾತು ನಿಜವೇ, ಅಥವಾ ಪಕ್ಕದ ಮನೆಯವರ ಕಲ್ಪನೆಯೇ?

ಭದ್ರಾವತಿ_ನಿವೃತ್ತ
ಕಲ್ಪನೆಯಲ್ಲ. ಬಿಸಿಲು ಬಿದ್ದ ಗಾಜಿನ ನಡುಭಾಗ ಕಾದು ಹಿಗ್ಗುತ್ತದೆ; ಚೌಕಟ್ಟಿನೊಳಗೆ ಹುದುಗಿದ ಅಂಚು ನೆರಳಿನಲ್ಲಿದ್ದು ತಣ್ಣಗೇ ಇರುತ್ತದೆ. ಈ ಎರಡರ ನಡುವಿನ ಅಂತರ 30ರಿಂದ 40 ಡಿಗ್ರಿ ಸೆಲ್ಸಿಯಸ್ ಮೀರಿದರೆ ಸಾಮಾನ್ಯ ಗಾಜು ಅಂಚಿನಿಂದ ಸೀಳಬಹುದು. ಕಲ್ಲು ಬಿದ್ದು ಒಡೆದ ಗಾಜಿನಲ್ಲಿ ಬಿರುಕು ಒಂದು ಬಿಂದುವಿನಿಂದ ಸುತ್ತಲೂ ಹರಡಿರುತ್ತದೆ. ಕಾವಿನಿಂದ ಸೀಳಿದ್ದರೆ ಬಿರುಕು ಚೌಕಟ್ಟಿನ ಅಂಚಿಗೆ ನೇರ ಲಂಬವಾಗಿ ಹೊರಟು, ಒಂದೆರಡು ಅಂಗುಲ ಸಾಗಿದ ಮೇಲೆ ಬಳುಕುತ್ತದೆ. ಈ ಗುರುತು ತಿಳಿದಿದ್ದರೆ, ಗಾಜು ಹೇಗೆ ಒಡೆಯಿತು ಎಂಬ ಜಗಳದಲ್ಲಿ ಯಾರ ಮಾತು ನಿಜ ಎಂದು ಹೇಳಬಹುದು.

ಅಪಾಯ ಹೆಚ್ಚುವುದು ಕಾವನ್ನು ಹೀರುವ ಗಾಢ ಫಿಲ್ಮಿನಿಂದ. ಗಾಜೇ ಬಣ್ಣದ್ದಾಗಿದ್ದರೆ, ಒಳಗೆ ತಂತಿಯ ಬಲೆ ಇರುವ ಗಾಜಾಗಿದ್ದರೆ, ಕತ್ತರಿಸುವಾಗ ಅಂಚು ಚಕ್ಕೆ ಎದ್ದಿದ್ದರೆ, ಗಾಜಿಗೆ ತಾಗಿದಂತೆ ದಪ್ಪ ಪರದೆ ಅಥವಾ ಬೀರು ಇದ್ದರೆ ಅಪಾಯ ಇನ್ನೂ ಹೆಚ್ಚು. ಸ್ಲೈಡಿಂಗ್ ಕಿಟಕಿಯಲ್ಲಿ ಮತ್ತೊಂದು ಸೂಕ್ಷ್ಮವಿದೆ: ಬಿಸಿಲಿನ ಹೊತ್ತಿನಲ್ಲಿ ಒಂದು ಬಾಗಿಲನ್ನು ಇನ್ನೊಂದರ ಹಿಂದಕ್ಕೆ ಸರಿಸಿ ಬಿಟ್ಟರೆ ಎರಡು ಗಾಜುಗಳ ನಡುವೆ ಕಾವು ಸಿಕ್ಕಿಕೊಳ್ಳುತ್ತದೆ. ಹದಗೊಳಿಸಿದ ಟಫನ್ ಗಾಜಿಗೆ ಈ ಭಯವಿಲ್ಲ, ಅದು ಇದಕ್ಕಿಂತ ಹಲವು ಪಟ್ಟು ಅಂತರವನ್ನು ತಾಳುತ್ತದೆ. ಸಾಮಾನ್ಯವಾಗಿ ಅದರ ಮೂಲೆಯಲ್ಲಿ ಸಣ್ಣ ಮುದ್ರೆ ಇರುತ್ತದೆ, ನೋಡಿಕೊಳ್ಳಿ.

ವಿನೋಬನಗರ_ಹೊಸಮನೆ
ಈಗಷ್ಟೇ ನೋಡಿ ಬಂದೆ. ಮೂಲೆಯಲ್ಲಿ ಮುದ್ರೆಯಿಲ್ಲ, 5 ಮಿಲಿಮೀಟರ್ ಸಾಮಾನ್ಯ ಬಿಳಿ ಗಾಜು ಎಂದು ಕಿಟಕಿಯ ಬಿಲ್ಲಿನಲ್ಲಿದೆ. ಹಾಗಾದರೆ ಹಾಕಿಸುವುದೇ ಬೇಡವೇ?

ಗಾಜಿನ_ಕೆಲಸ
ಬೇಡವೆಂದಲ್ಲ. ಬಿಳಿ ಗಾಜಿಗೆ ತಿಳಿಯಾದ ಫಿಲ್ಮನ್ನು ದಿನವೂ ಹಾಕುತ್ತೇವೆ. ಗಾಢವಾದದ್ದನ್ನು ಬಿಡಿ, ಹಾಕುವ ಮೊದಲು ಅಂಚುಗಳನ್ನು ಟಾರ್ಚು ಹಿಡಿದು ನೋಡಿಸಿ, ಚಕ್ಕೆ ಎದ್ದ ಗಾಜಿದ್ದರೆ ಮೊದಲು ಅದನ್ನು ಬದಲಿಸಿ. ಫಿಲ್ಮಿನಿಂದ ಗಾಜು ಸೀಳಿದರೆ ಹೊಣೆ ಯಾರದ್ದು ಎಂಬುದನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಬಾಯಿಮಾತಿನ ಹತ್ತು ವರ್ಷದ ಗ್ಯಾರಂಟಿಗೆ ಬೆಲೆಯಿಲ್ಲ. ಫಿಲ್ಮಿನ ಕಂಪನಿಯ ಹೆಸರು, ಮಾದರಿ ಸಂಖ್ಯೆ ಇರುವ ಕಾಗದ ಕೈಗೆ ಬರಬೇಕು.

ಮಂಗನ_ಕಾಟ
ಗಾಜು ಒಡೆಯುವ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ನಮ್ಮದು ಸಾಗರದ ಹತ್ತಿರ ಕಾಡಂಚಿನ ಮನೆ. ಕನ್ನಡಿಯಂಥ ಫಿಲ್ಮ್ ಹಾಕಿಸಿದಂದಿನಿಂದ ಒಂದು ಗಡವ ಮಂಗ ದಿನವೂ ಬಂದು ತನ್ನ ಪ್ರತಿಬಿಂಬದ ಜೊತೆ ಕಾದಾಡುತ್ತದೆ, ಗಾಜನ್ನು ಎರಡೂ ಕೈಗಳಿಂದ ಬಡಿಯುತ್ತದೆ. ಸೇಫ್ಟಿ ಫಿಲ್ಮ್ ಹಾಕಿದರೆ ಒಡೆಯುವುದಿಲ್ಲವೇ?

ಗಾಜಿನ_ಕೆಲಸ
ಒಡೆಯುತ್ತದೆ, ಆದರೆ ಚೂರುಗಳು ಉದುರದೆ ಹಾಳೆಗೆ ಅಂಟಿಕೊಂಡೇ ನಿಲ್ಲುತ್ತವೆ. ಬಿಸಿಲಿನ ಫಿಲ್ಮ್ ಸುಮಾರು 50 ಮೈಕ್ರಾನ್ ದಪ್ಪವಿದ್ದರೆ ಸೇಫ್ಟಿ ಫಿಲ್ಮ್ 100 ಮೈಕ್ರಾನಿನಿಂದ ಮೇಲಕ್ಕೆ ಬರುತ್ತದೆ. ಮಕ್ಕಳಿರುವ ಮನೆಗೆ, ಗಾಳಿಗೆ ಕೊಂಬೆ ಬಡಿಯುವ ಕಿಟಕಿಗೆ ಅದು ಒಳ್ಳೆಯದು. ನಿಮ್ಮ ಗಡವನಿಗೆ ಮದ್ದು ಬೇರೆ: ಹೊರಗಿನಿಂದ ಪ್ರತಿಬಿಂಬ ಕಾಣದಂತೆ ಮಾಡಬೇಕು, ಅಂದರೆ ಕನ್ನಡಿ ಫಿಲ್ಮನ್ನು ತೆಗೆಸಬೇಕು.

ಹಕ್ಕಿನೋಟ_ಶೃಂಗೇರಿ
ಮಂಗಕ್ಕಾದರೂ ಪೆಟ್ಟಾಗುವುದಿಲ್ಲ. ಕನ್ನಡಿ ಫಿಲ್ಮಿನಲ್ಲಿ ಎದುರಿನ ಮರಗಿಡಗಳೂ ಆಕಾಶವೂ ಅಚ್ಚೊತ್ತಿದಂತೆ ಕಾಣುವುದರಿಂದ, ತೋಟದ ನಡುವೆ ತಗ್ಗಿನಲ್ಲಿ ವೇಗವಾಗಿ ಹಾರುವ ಹಸಿರು ಪಾರಿವಾಳದಂಥ ಹಕ್ಕಿಗಳು ನೇರವಾಗಿ ಬಂದು ಗಾಜಿಗೆ ಅಪ್ಪಳಿಸುತ್ತವೆ. ಚಳಿಗಾಲದ ವಲಸೆಗೆ ಬರುವ ನವರಂಗವೂ ಹೀಗೆ ಸಾಯುವುದುಂಟು. ಮಡಿವಾಳ ಹಕ್ಕಿಯ ಗಂಡು ಮರಿಮಾಡುವ ಕಾಲದಲ್ಲಿ ತನ್ನದೇ ಬಿಂಬವನ್ನು ಎದುರಾಳಿ ಎಂದು ಕುಕ್ಕುವುದನ್ನು ಮಲೆನಾಡಿನಲ್ಲಿ ಎಷ್ಟೋ ಮಂದಿ ನೋಡಿರುತ್ತೀರಿ. ಒಂದು ಗಿಡುಗನ ಚಿತ್ರ ಅಂಟಿಸಿದರೆ ಸಾಕು ಎಂಬ ನಂಬಿಕೆ ಇದೆ, ಅದರಿಂದ ಪ್ರಯೋಜನವಿಲ್ಲ. ಗಾಜಿನ ಹೊರಮೈಯ ತುಂಬಾ ಎರಡೆರಡು ಅಂಗುಲಕ್ಕೊಂದರಂತೆ ಚುಕ್ಕೆ ಅಥವಾ ಗೆರೆಗಳಿರಬೇಕು, ಇಲ್ಲವೇ ಹೊರಗಿನಿಂದ ಬಲೆ ಕಟ್ಟಬೇಕು. ಮರಗಳ ಎದುರಿನ ಕಿಟಕಿಗೆ ಕನ್ನಡಿ ಫಿಲ್ಮ್ ದಯವಿಟ್ಟು ಬೇಡ.

ಗೋಪಾಳ_ನಿವಾಸಿ
ಹಕ್ಕಿಗಳ ಜೊತೆ ನೆರೆಯವರನ್ನೂ ಸೇರಿಸಿಕೊಳ್ಳಿ. ನಮ್ಮ ಎದುರು ಮನೆಯವರು ಕನ್ನಡಿ ಫಿಲ್ಮ್ ಹಾಕಿಸಿದ ಮೇಲೆ ಸಂಜೆಯ ಬಿಸಿಲು ಪೂರ್ವಕ್ಕಿರುವ ನಮ್ಮ ಜಗಲಿಗೆ ತಿರುಗಿ ಬೀಳುತ್ತಿದೆ. ಅವರ ಮನೆ ತಂಪಾಯಿತು, ನಾವು ಜಗಲಿಯಲ್ಲಿ ಕೂರುವುದನ್ನೇ ಬಿಟ್ಟೆವು. ಹೇಳಿದರೆ "ನಿಮ್ಮ ಕಡೆಗೂ ಫಿಲ್ಮ್ ಹಾಕಿಸಿ" ಎಂಬ ಉತ್ತರ. ಜಗಲಿಗೆ ಗಾಜೇ ಇಲ್ಲ, ಎಲ್ಲಿಗೆ ಅಂಟಿಸುವುದು?

ನಗರ_ಹೋಬಳಿ
ನಮ್ಮೂರಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದೇ ಅಡುಗೆಮನೆಯ ಕಿಟಕಿಯ ಬಳಿ. ಅದಕ್ಕೆ ಫಿಲ್ಮ್ ಹಾಕಿದರೆ ಅದೂ ಹೋದೀತೇ?

ಭದ್ರಾವತಿ_ನಿವೃತ್ತ
ಲೋಹದ ಲೇಪವಿದ್ದರೆ ಸಿಗ್ನಲ್ ಕುಗ್ಗುವ ಸಾಧ್ಯತೆ ಇದೆ. ನಿಮ್ಮಲ್ಲಿ ಇರುವುದೇ ಒಂದು ಕಡ್ಡಿಯಾದರೆ ಅದು ಹೋಗಲೂಬಹುದು. ಲೋಹವಿಲ್ಲದ ಸೆರಾಮಿಕ್ ಅಥವಾ ಬಣ್ಣದ ಫಿಲ್ಮಿನಿಂದ ಆ ತೊಂದರೆಯಿಲ್ಲ. ಆದರೂ ಅಡುಗೆಮನೆಯ ಕಿಟಕಿಗೆ ಫಿಲ್ಮ್ ಏಕೆ, ಸ್ವಾಮಿ?

ರಾಜೇಂದ್ರನಗರ_ವಕೀಲ
ಕಾನೂನಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಕಾರಿನ ನಿಯಮ ಬರುವುದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಿಂದ. ಮುಂದಿನ ಮತ್ತು ಹಿಂದಿನ ಗಾಜು ಶೇ. 70, ಪಕ್ಕದ ಗಾಜುಗಳು ಶೇ. 50 ಬೆಳಕು ಬಿಡಬೇಕೆಂಬ ಆ ನಿಯಮವನ್ನು ಆಧರಿಸಿಯೇ ಸುಪ್ರೀಂ ಕೋರ್ಟ್ 2012ರಲ್ಲಿ ವಾಹನಗಳ ಕಪ್ಪು ಫಿಲ್ಮನ್ನು ನಿಷೇಧಿಸಿತು. ಅದು ವಾಹನಗಳಿಗೆ ಮಾತ್ರ ಅನ್ವಯಿಸುತ್ತದೆ, ಮನೆಯ ಕಿಟಕಿಗೂ ಅದಕ್ಕೂ ಸಂಬಂಧವಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಮಾತ್ರ ಹೊರನೋಟ ಬದಲಿಸುವ ಮೊದಲು ಸಂಘದವರನ್ನು ಕೇಳಿಕೊಳ್ಳಲಿ. ಬಾಡಿಗೆದಾರರು ಮನೆಯ ಮಾಲೀಕರನ್ನು ಕೇಳಲಿ.

ಬಾಡಿಗೆ_ಮನೆ
ವಕೀಲರೇ, ನಮ್ಮ ಮಾಲೀಕರು ಮೊಳೆ ಹೊಡೆಯಲೂ ಬಿಡುವುದಿಲ್ಲ. ಬಚ್ಚಲಮನೆಯ ಗಾಜಿಗೆ ಮಾತ್ರ ಅಂಟಿಲ್ಲದ, ನೀರು ಚಿಮುಕಿಸಿದರೆ ತಾನೇ ಹಿಡಿದು ನಿಲ್ಲುವ ಮಬ್ಬು ಹಾಳೆಯನ್ನು ತಂದು ಹಾಕಿಕೊಂಡಿದ್ದೇವೆ. ಮನೆ ಬಿಡುವಾಗ ಸುಲಿದು ಸುತ್ತಿಕೊಂಡು ಹೋಗಬಹುದು. ಬಿಸಿಲಿಗೆ ಅಷ್ಟೇನೂ ಉಪಯೋಗವಿಲ್ಲ, ಮರ್ಯಾದೆ ಕಾಯಲು ಸಾಕು.

ವಿನೋಬನಗರ_ಹೊಸಮನೆ
ಮರ್ಯಾದೆಯ ಮಾತು ಬಂದದ್ದರಿಂದ ಅಮ್ಮನ ಪ್ರಶ್ನೆಯನ್ನು ಮತ್ತೆ ಮುಂದಿಡುತ್ತೇನೆ. ರಾತ್ರಿ ಏನಾಗುತ್ತದೆ?

ದುರ್ಗಿಗುಡಿ_ಅಂಗಡಿ
ಹೊರಗಿನವರಿಗೆ ಏನೂ ಕಾಣುವುದಿಲ್ಲ. ನಮ್ಮ ಅಂಗಡಿಯನ್ನೇ ಬಂದು ನೋಡಿ.

ಗಾಜಿನ_ಕೆಲಸ
ಹಗಲು ಬಂದು ನೋಡಿದರೆ ಕಾಣುವುದಿಲ್ಲ. ರಾತ್ರಿ ಎಂಟಕ್ಕೆ ಅಂಗಡಿಯ ದೀಪ ಹಾಕಿ ನೀವೇ ರಸ್ತೆಯ ಆಚೆ ನಿಂತು ನೋಡಿ, ದುರ್ಗಿಗುಡಿಯವರೇ. ಯಾವ ಕಡೆ ಬೆಳಕು ಹೆಚ್ಚೋ ಆ ಕಡೆಯವರಿಗೆ ಕನ್ನಡಿ, ಬೆಳಕು ಕಡಿಮೆ ಇರುವ ಕಡೆಯವರಿಗೆ ಕಿಟಕಿ. ಫಿಲ್ಮಿಗೆ ಒಳಗು ಹೊರಗು ಗೊತ್ತಿಲ್ಲ. ರಾತ್ರಿ ಒಳಗೆ ದೀಪ ಉರಿಯುತ್ತಿದ್ದರೆ ಹೊರಗಿನವರಿಗೆ ಒಳಗಿನದು ಕಾಣುತ್ತದೆ, ಒಳಗಿದ್ದವರಿಗೆ ತಮ್ಮ ಮುಖ ಮಾತ್ರ ಕಾಣುವುದರಿಂದ ಅದು ತಿಳಿಯುವುದೂ ಇಲ್ಲ. ಫಿಲ್ಮ್ ಹಾಕಿಸಿದ ಧೈರ್ಯಕ್ಕೆ ಪರದೆ ತೆಗೆದವರು ಬಹಳ ಮಂದಿ. ಅಮ್ಮನವರಿಗೆ ಹೇಳಿ, ಪರದೆ ಇರಲಿ.

ದುರ್ಗಿಗುಡಿ_ಅಂಗಡಿ
ರಾತ್ರಿ ಎಂಟಕ್ಕೆ ನಾನು ಶಟರ್ ಎಳೆದಿರುತ್ತೇನೆ.

ಹೊಸನಗರ_ಗೃಹಿಣಿ
ಬಟ್ಟೆಯ ಬಣ್ಣ ಉಳಿಯುತ್ತದೆಯೇ ಎಂಬುದನ್ನು ಯಾರೂ ಹೇಳಲಿಲ್ಲ. ಅತಿನೇರಳೆಯನ್ನು ಶೇ. 99 ತಡೆಯುತ್ತದೆ ಎಂದು ಎಲ್ಲ ಫಿಲ್ಮಿನವರೂ ಹೇಳುತ್ತಾರೆ.

ಭದ್ರಾವತಿ_ನಿವೃತ್ತ
ಆ ಅಂಕಿ ಒಳ್ಳೆಯ ಫಿಲ್ಮುಗಳ ಮಟ್ಟಿಗೆ ನಿಜ. ತಿಳಿಯಾದ ಫಿಲ್ಮಿಗೂ ಅದು ಸಾಧ್ಯ, ಅದಕ್ಕೆ ಕಪ್ಪು ಬೇಕಾಗಿಲ್ಲ. ಆದರೆ ಬಣ್ಣ ಮಾಸುವುದು ಅತಿನೇರಳೆಯೊಂದರಿಂದಲೇ ಅಲ್ಲ. ಕಾಣುವ ಬೆಳಕು ಮತ್ತು ಕಾವೂ ಅದಕ್ಕೆ ಕಾರಣ. ಹೀಗಾಗಿ ಮಾಸುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಕೊಪ್ಪ_ಕಾಫಿ
ದರದ ವಿಷಯದಲ್ಲಿ ಒಂದು ಕಿವಿಮಾತು. ಚದರಡಿಗೆ ಇಷ್ಟು ಎಂದು ಒಪ್ಪಿಕೊಂಡು, ಬಿಲ್ಲು ಬಂದಾಗ ನಮ್ಮ ಗಾಜಿನ ಅಳತೆಗಿಂತ ಬಹಳ ಹೆಚ್ಚು ಚದರಡಿ ಬರೆದಿದ್ದರು. ಕೇಳಿದರೆ ಕತ್ತರಿಸಿ ಬಿಸಾಡಿದ ಚೂರುಗಳೂ ಲೆಕ್ಕಕ್ಕೆ ಸೇರುತ್ತವೆ ಎಂದರು.

ಗಾಜಿನ_ಕೆಲಸ
ಹಾಳೆಯ ಸುರುಳಿ ಸಾಮಾನ್ಯವಾಗಿ 5 ಅಡಿ ಅಗಲ ಬರುತ್ತದೆ. ಗಾಜು ಮೂರಡಿ ಅಗಲವಿದ್ದರೆ ಪಕ್ಕದ ಎರಡಡಿ ಪಟ್ಟಿ ಬೇರೆ ಕಿಟಕಿಗೆ ಹೊಂದದಿದ್ದಾಗ ವ್ಯರ್ಥವಾಗುವುದು ನಿಜ, ಆದರೆ ಅದನ್ನು ಮೊದಲೇ ಹೇಳುವುದು ನಮ್ಮ ಧರ್ಮ. ಲೆಕ್ಕ ಗಾಜಿನ ಅಳತೆಗೋ, ಬಳಸಿದ ಹಾಳೆಗೋ ಎಂದು ಮುಂಗಡ ಕೊಡುವ ಮೊದಲೇ ಕೇಳಿ. ವ್ಯರ್ಥಕ್ಕೂ ದುಡ್ಡು ತೆಗೆದುಕೊಂಡರೆ ಆ ಪಟ್ಟಿಗಳನ್ನು ಕೇಳಿ ಇಟ್ಟುಕೊಳ್ಳಿ, ಗಾಳಿಕಿಂಡಿಗೆ ಉಪಯೋಗವಾಗುತ್ತವೆ.

ತೀರ್ಥಹಳ್ಳಿ_ತೋಟ
ಇಷ್ಟೆಲ್ಲ ಕೇಳಿದ ಮೇಲೂ ನಾನು ತಡಿಕೆಯನ್ನು ಬಿಟ್ಟುಕೊಡುವುದಿಲ್ಲ. ಬಿಸಿಲನ್ನು ಗಾಜು ಮುಟ್ಟುವ ಮೊದಲೇ ತಡೆಯುವುದಕ್ಕೂ, ಮುಟ್ಟಿದ ಮೇಲೆ ತಡೆಯುವುದಕ್ಕೂ ವ್ಯತ್ಯಾಸವಿದೆ.

ಭದ್ರಾವತಿ_ನಿವೃತ್ತ
ಈ ಒಂದು ಮಾತಿನಲ್ಲಿ ತೋಟದವರ ಜೊತೆ ವಾದವಿಲ್ಲ. ಭೌತಶಾಸ್ತ್ರ ಅವರ ಪರವಾಗಿದೆ. ಮಹಡಿಯ ಗಾಳಿಗೆ ಬಿದಿರಿನ ಬದಲು ಗೋಡೆಗೆ ಕಂಬಿ ಹೊಡೆದು ಎಳೆದು ಕಟ್ಟುವ ನೆರಳುಬಲೆ ಆದೀತು. ಅದನ್ನು ಜೂನ್ ಬರುವ ಮೊದಲು ಬಿಚ್ಚಿ ಇಡಬಹುದು.

ವಿನೋಬನಗರ_ಹೊಸಮನೆ
ಎಲ್ಲರಿಗೂ ಬಹಳ ಉಪಕಾರವಾಯಿತು. ಮನೆಯವರ ಜೊತೆ ಕೂತು ಓದಿ ಹೀಗೆ ನಿಶ್ಚಯಿಸಿದ್ದೇವೆ: ಈ ಬೇಸಿಗೆಗೆ ಮಲಗುವ ಕೋಣೆಯ ಕಿಟಕಿಗೆ ಹೊರಗಿನಿಂದ ನೆರಳುಬಲೆ ಕಟ್ಟಿ ನೋಡುವುದು, ದೀಪಾವಳಿ ಕಳೆದ ಮೇಲೆ ಹಾಲಿನ ಕಿಟಕಿಗೆ ಮಾತ್ರ ಅರ್ಧಕ್ಕಿಂತ ಹೆಚ್ಚು ಬೆಳಕು ಬಿಡುವ ಲೋಹವಿಲ್ಲದ ಫಿಲ್ಮ್ ಹಾಕಿಸುವುದು, ಮರುವರ್ಷದ ಬೇಸಿಗೆಯಲ್ಲಿ ಎರಡನ್ನೂ ಹೋಲಿಸುವುದು. ಪರದೆ ಎರಡೂ ಕಡೆ ಇರುತ್ತದೆ. ಕೊನೆಯದಾಗಿ, ಅಂಟಿಸುವ ದಿನ ನಾವು ಏನಾದರೂ ಸಿದ್ಧತೆ ಮಾಡಿಕೊಳ್ಳಬೇಕೇ? ಆಮೇಲೆ ಒರೆಸುವುದು ಹೇಗೆ?

ಗಾಜಿನ_ಕೆಲಸ
ಪರದೆಗಳನ್ನು ತೆಗೆದಿಡಿ, ಕಂಬಿ ಬಿಚ್ಚಬೇಕಾಗಿಲ್ಲ. ಕಿಟಕಿಯ ಮುಂದೆ ಇಬ್ಬರು ಏಣಿ ಇಟ್ಟು ನಿಲ್ಲುವಷ್ಟು ಜಾಗ ಬಿಡಿಸಿ, ನೆಲಕ್ಕೆ ಹಳೆಯ ಬೆಡ್‌ಶೀಟ್ ಹಾಸಿ, ಸ್ವಿಚ್‌ಬೋರ್ಡ್ ಹತ್ತಿರವಿದ್ದರೆ ಪ್ಲಾಸ್ಟಿಕ್ ಮುಚ್ಚಿ. ಆ ದಿನ ಬೆಳಗ್ಗೆ ಹಾಲನ್ನು ಗುಡಿಸಬೇಡಿ, ಹಿಂದಿನ ದಿನವೇ ಒರೆಸಿಬಿಡಿ. ಕೆಲಸ ಮುಗಿಯುವ ತನಕ ಫ್ಯಾನ್ ಹಾಕಬೇಡಿ. ಧೂಳೆದ್ದರೆ ಅದು ಹೋಗಿ ಕೂರುವುದು ಅಂಟಿನ ಮೇಲೆಯೇ.

ಆಮೇಲೆ ಒಂದು ತಿಂಗಳು ಗಾಜನ್ನು ಒಳಗಿನಿಂದ ಮುಟ್ಟಬೇಡಿ. ಅನಂತರ ಸಾಬೂನಿನ ನೀರು ಮತ್ತು ಮೆತ್ತನೆಯ ಬಟ್ಟೆ ಸಾಕು. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್, ಪಾತ್ರೆ ತಿಕ್ಕುವ ಜುಂಗು, ಮುದುಡಿದ ದಿನಪತ್ರಿಕೆ, ಮೂರೂ ಬೇಡ.

ತೀರ್ಥಹಳ್ಳಿ_ತೋಟ
ನೆರಳುಬಲೆ ಬೇಕಿದ್ದರೆ ಹೊಸದು ಕೊಳ್ಳಬೇಡಿ. ನರ್ಸರಿಗೆ ತಂದದ್ದರಲ್ಲಿ ಉಳಿದ ತುಂಡು ನಮ್ಮ ಕೊಟ್ಟಿಗೆಯ ಅಟ್ಟದಲ್ಲಿದೆ, ಶಿವಮೊಗ್ಗಕ್ಕೆ ಬರುವಾಗ ತಂದುಕೊಡುತ್ತೇನೆ. ಕಿಟಕಿಯ ಅಳತೆಯನ್ನು ಮಾತ್ರ ಸಂದೇಶದಲ್ಲಿ ಕಳಿಸಿ.